ಮೂತ್ರಪಿಂಡ ಕೊಡುವವರು ಯಾರು?

(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಅಂಗಾಂಗ ಕಸಿಯ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದಾರೆ. ಹೃದಯ, ಯಕೃತ್ತು, ಕಣ್ಣು ಎಲ್ಲವನ್ನೂ ಹೇಳಲು ಹೊತ್ತಿಲ್ಲ. ನಾನು ಮೂತ್ರಪಿಂಡದ ವೈದ್ಯ, ಅದನ್ನೇ ಹೇಳುತ್ತೇನೆ.

ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆದದ್ದು 1954ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ. ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳು. ಹಾಗಾಗಿ ಬಂದದ್ದು ಹೊರಗಿನದೆಂದು ದೇಹಕ್ಕೆ ಗೊತ್ತೇ ಆಗಲಿಲ್ಲ. ಬೇರೆಯವರದಾದರೆ ನಮ್ಮ ಬಿಳಿ ರಕ್ತಕಣಗಳು ಅದರ ಮೇಲೆ ಬೀಳುತ್ತವೆ. ಅವನ್ನು ಹದ್ದಿನಲ್ಲಿಡುವ ಸೈಕ್ಲೋಸ್ಪೊರಿನ್ ಎಂಬ ಔಷಧ 1980ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಕಸಿ ಎಲ್ಲೆಡೆ ಹರಡಿತು. ಇಂಥ ಮಾತ್ರೆಗಳನ್ನು ನಿಲ್ಲಿಸದೆ ನುಂಗುತ್ತಿರಬೇಕು. ಹಳೆಯ ಮೂತ್ರಪಿಂಡಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದನ್ನು ಕಿಬ್ಬೊಟ್ಟೆಯಲ್ಲಿ ಕೂರಿಸುತ್ತಾರೆ. ‘ಹಾಗಾದ್ರೆ ಮೂರಾಯ್ತಲ್ಲ ಡಾಕ್ಟ್ರೇ’ ಎನ್ನುತ್ತಾರೆ ರೋಗಿಗಳು. ಹೌದು, ಮೂರು. ದುಡಿಯುವುದು ಒಂದೇ.

ವಿಜ್ಞಾನ ಇಷ್ಟು. ಕಷ್ಟವಿರುವುದು ಕೊಡುವವರ ವಿಷಯದಲ್ಲಿ. 1994ರ ಕಾನೂನು ಅಂಗ ಮಾರುವುದನ್ನು ನಿಷೇಧಿಸಿತು. ಈಗ ಬದುಕಿರುವವರು ಕೊಡುವುದಾದರೆ ಬಹುಮಟ್ಟಿಗೆ ಹತ್ತಿರದ ಸಂಬಂಧಿಕರೇ. ಯಾವ ಸಂಬಂಧಿಕರು? ತಾಯಿ, ಹೆಂಡತಿ, ಅಕ್ಕ. ನಮ್ಮ ದೇಶದಲ್ಲಿ ಹೀಗೆ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ‘ಅವನು ದುಡಿಯೋನು’ ಎಂದು ಕಾರಣ ಹೇಳುತ್ತಾರೆ. ಹೊಲದಲ್ಲಿ ಕಳೆ ಕೀಳುವವಳು ದುಡಿಯುವುದಿಲ್ಲವೇ?

ಮನಸಾರೆ ಕೊಡುವ ತಾಯಂದಿರನ್ನು ಬೇಕಾದಷ್ಟು ನೋಡಿದ್ದೇನೆ. ತಪಾಸಣೆಯಲ್ಲಿ ಎಲ್ಲ ಸರಿಯಿದ್ದರೆ ಉಳಿದ ಒಂದು ಮೂತ್ರಪಿಂಡದಲ್ಲಿ ಅವರು ಚೆನ್ನಾಗಿಯೇ ಬಾಳುತ್ತಾರೆ. ಆದರೂ ಕೊಡುವವರನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸುತ್ತೇನೆ. ಗಂಡ, ಅತ್ತೆ, ಅಣ್ಣ ಎಲ್ಲರೂ ಹೊರಗೆ. ‘ಏನಮ್ಮ, ನಿಮಗೆ ಒಪ್ಪಿಗೆಯಾ?’ ಎಂದರೆ ‘ಅವರು ಹೇಳಿದಾರಲ್ಲ ಸಾರ್’ ಎನ್ನುತ್ತಾರೆ. ನನ್ನ ಕಿವಿಗೆ ಅದು ಒಪ್ಪಿಗೆಯಲ್ಲ. ಮತ್ತೆ ಕೇಳುತ್ತೇನೆ. ಕೆಲವರು ಸೆರಗು ಹಿಂಡುತ್ತಾ ‘ಭಯ ಆಗುತ್ತೆ’ ಎನ್ನುತ್ತಾರೆ. ಆಗ ಹೊರಗೆ ಬಂದು ‘ಇವರದು ಆಗೋದಿಲ್ಲ’ ಎಂದಷ್ಟೇ ಹೇಳುತ್ತೇನೆ. ಯಾಕೆಂದು ಬಿಡಿಸುವುದಿಲ್ಲ. ಈ ಶಾಲೆಯಲ್ಲಿ ಕಲಿತ ಸತ್ಯದ ಪಾಠಕ್ಕೆ ಇದು ಹೊಂದುತ್ತದೋ ಇಲ್ಲವೋ, ಗುರುಗಳೇ ಹೇಳಬೇಕು. ಆಕೆ ನಾಳೆಯೂ ಅದೇ ಮನೆಯಲ್ಲಿ ಬಾಳಬೇಕಲ್ಲ.

ಮಿದುಳು ಸತ್ತವರಿಂದ ಅಂಗ ಬಂದರೆ ಈ ಒತ್ತಡವೇ ಇಲ್ಲ. ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ಅದರ ಸರದಿ ನೋಡಿಕೊಳ್ಳುತ್ತದೆ. ಆದರೆ ಕೊನೆಗೆ ಒಪ್ಪಿಗೆ ಕೇಳುವುದು ಮನೆಯವರನ್ನು. ಕಾರ್ಡಿಗೆ ಸಹಿ ಹಾಕಿ ಬೀರುವಿನಲ್ಲಿಟ್ಟರೆ ಸಾಲದು, ಮನೆಯಲ್ಲಿ ಹೇಳಿಟ್ಟಿರಬೇಕು. ನಾನು ಮಗಳಿಗೆ ಹೇಳಿದೆ. ‘ಊಟದ ಹೊತ್ತಿಗೆ ಇದೇನಪ್ಪ’ ಎಂದು ಬೈದಳು, ಆದರೂ ಕೇಳಿಸಿಕೊಂಡಳು.

ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಏನಾದರೂ ಕೇಳುವುದಿದ್ದರೆ ಊಟವಾದ ಮೇಲೆ ಬನ್ನಿ. ಸಂಜೆಯವರೆಗೂ ಇಲ್ಲೇ ಇರುತ್ತೇನೆ.