ಕರಗಿದ ಲೋಹದೊಳಗಿನ ಬಲಗಳು

ಸೋಡಿಯಮ್ ಲೋಹವು ಸುಮಾರು 98 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕರಗುತ್ತದೆ; ಪೊಟಾಸಿಯಮ್ ಸುಮಾರು 63ರಲ್ಲಿ. ಆದರೆ ತೂಕದಲ್ಲಿ 77 ಪಾಲು ಪೊಟಾಸಿಯಮ್ಮಿಗೆ 23 ಪಾಲು ಸೋಡಿಯಮ್ಮನ್ನು ಬೆರೆಸಿದರೆ, ಆ ಮಿಶ್ರಲೋಹವು ನೀರು ಹೆಪ್ಪುಗಟ್ಟುವ ಚಳಿಯಲ್ಲಿಯೂ ಪಾದರಸದಂತೆ ಹರಿಯುತ್ತಿರುತ್ತದೆ. ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗಿಳಿದ ಮೇಲೆಯೇ ಗಟ್ಟಿಯಾಗುವುದು. ಪೊಟಾಸಿಯಮ್ ಪರಮಾಣು ದೊಡ್ಡದು, ಸೋಡಿಯಮ್ಮಿನದು ಚಿಕ್ಕದು. ಘನರೂಪದ ಒತ್ತಾದ ಸಾಲುಗಳಲ್ಲಿ ಇವೆರಡೂ ಸುಲಭವಾಗಿ ಹೊಂದಿಕೊಳ್ಳಲಾರವು. ದ್ರವದಲ್ಲಿ ಮಾತ್ರ ಸಲೀಸಾಗಿ ಬೆರೆಯುತ್ತವೆ.

ಇದು ಕೇವಲ ಕುತೂಹಲದ ವಿಷಯವಲ್ಲ. 1951ರಲ್ಲಿ ಅಮೆರಿಕದ ಐಡಾಹೋ ಸಂಸ್ಥಾನದಲ್ಲಿ ಪರಮಾಣು ಕುಲುಮೆಯ ವಿದ್ಯುತ್ತಿನಿಂದ ನಾಲ್ಕು ದೀಪಗಳು ಬೆಳಗಿದಾಗ, ಕುಲುಮೆಯ ಶಾಖವನ್ನು ಹೊತ್ತು ತಂದುದು ಈ ಬಗೆಯ ದ್ರವವೇ. ಗಾಳಿ ಸೋಂಕಿದರೆ ಹೊತ್ತಿಕೊಳ್ಳಬಲ್ಲ, ನೀರು ತಾಗಿದರೆ ಸಿಡಿಯಬಲ್ಲ ಇಂತಹ ಪದಾರ್ಥವನ್ನು ಎಲ್ಲ ಪ್ರಮಾಣಗಳಲ್ಲಿಯೂ ಎಲ್ಲ ಉಷ್ಣತೆಗಳಲ್ಲಿಯೂ ಅಳೆದು ನೋಡುವುದು ದುಸ್ಸಾಧ್ಯ. ಆದುದರಿಂದ ಅದರ ನಡತೆಯನ್ನು ಗಣಿತದಿಂದ ಮುಂದಾಗಿ ತಿಳಿಯಬೇಕಾಗಿದೆ. ಅದಕ್ಕೆ ಪರಮಾಣುಗಳ ನಡುವಣ ಬಲವನ್ನು ನಾವು ಬಲ್ಲವರಾಗಬೇಕು.

ಹೈದರಾಬಾದಿನಲ್ಲಿ ಜನಿಸಿದ ಅನೀಸುರ್ ರಹಮಾನರು 1964ರಲ್ಲಿ, ಅಮೆರಿಕದಲ್ಲಿದ್ದಾಗ, ದ್ರವರೂಪದ ಆರ್ಗಾನಿನ 864 ಪರಮಾಣುಗಳ ಚಲನೆಯನ್ನು ಗಣಕಯಂತ್ರದಿಂದ ಹೆಜ್ಜೆಹೆಜ್ಜೆಗೂ ಲೆಕ್ಕಹಾಕಿದರು. ಅಲ್ಲಿ ನಿಯಮವು ಸರಳ. ಎರಡು ಪರಮಾಣುಗಳು ತೀರ ಸಮೀಪಿಸಿದರೆ ಪರಸ್ಪರ ದೂಡುತ್ತವೆ. ತುಸು ಅಗಲಿದರೆ ಸೆಳೆಯುತ್ತವೆ. ಇಬ್ಬರ ವ್ಯವಹಾರದಲ್ಲಿ ಮೂರನೆಯವರ ಪ್ರವೇಶವಿಲ್ಲ.

ಲೋಹದಲ್ಲಿ ಹಾಗಲ್ಲ. ಅಲ್ಲಿ ಹೊರಗಣ ಎಲೆಕ್ಟ್ರಾನುಗಳು ಊರ ಕೆರೆಯ ನೀರಿನಂತೆ ಸರ್ವರ ಸ್ವತ್ತು. ನೆರೆಯವರು ಹೆಚ್ಚಿದಂತೆ ಒಂದೊಂದು ನಂಟೂ ಸಡಿಲವಾಗುತ್ತದೆ. 1984ರಲ್ಲಿ ಮರ್ರೇ ಡಾ ಮತ್ತು ಮೈಕೆಲ್ ಬ್ಯಾಸ್ಕಿಸ್ ಎಂಬ ವಿಜ್ಞಾನಿಗಳು, ಪ್ರತಿಯೊಂದು ಪರಮಾಣುವೂ ನೆರೆಯವರ ಎಲೆಕ್ಟ್ರಾನುಗಳ ಸಾಂದ್ರತೆಯಲ್ಲಿ ಮುಳುಗಿದೆಯೆಂದು ಭಾವಿಸಿ ಈ ಸಂಗತಿಯನ್ನು ಸೂತ್ರಕ್ಕೆ ತಂದರು. ಮರುವರ್ಷ ಕಾರ್ ಮತ್ತು ಪರಿನೆಲ್ಲೊ ಎಂಬುವರು ಬಲವನ್ನು ಎಲೆಕ್ಟ್ರಾನುಗಳ ಕ್ವಾಂಟಮ್ ನಿಯಮಗಳಿಂದಲೇ ಪಡೆಯುವ ಮಾರ್ಗವನ್ನು ತೋರಿದರು. ಆದರೆ ಅದರ ಲೆಕ್ಕ ಬಲು ಭಾರ. ಅಂತಹ ಲೆಕ್ಕಗಳ ಫಲವನ್ನು ಯಂತ್ರಕ್ಕೆ ಕಲಿಸಿ ಶೀಘ್ರವಾಗಿ ಬಲವನ್ನು ಹೇಳಿಸುವ ಉಪಾಯವನ್ನು 2007ರಲ್ಲಿ ಬೇಲರ್ ಮತ್ತು ಪರಿನೆಲ್ಲೊ ಪ್ರಕಟಿಸಿದರು.

ಇಲ್ಲಿ ಒಂದು ಎಚ್ಚರವು ಅವಶ್ಯಕ. ಘನಲೋಹಕ್ಕೆ ಒಪ್ಪಿದ ಸೂತ್ರವು ಅದು ಕರಗಿದಾಗ ಒಪ್ಪದಿರಬಹುದು. ಒಂದು ಪ್ರಮಾಣದ ಮಿಶ್ರಣಕ್ಕೆ ಸಲ್ಲುವುದು ಮತ್ತೊಂದಕ್ಕೆ ಸಲ್ಲದಿರಬಹುದು. ಎಕ್ಸ್-ಕಿರಣಗಳೂ ನ್ಯೂಟ್ರಾನುಗಳೂ ದ್ರವದಲ್ಲಿ ಚದರುವ ಬಗೆಯನ್ನು ಅಳೆದು, ಲೆಕ್ಕದೊಡನೆ ತಾಳೆ ನೋಡಿದ ಮೇಲೆಯೇ ನಾವು ಅದನ್ನು ನಂಬತಕ್ಕುದು. ಕುಲುಮೆಯನ್ನು ಕಟ್ಟುವವರಿಗೆ ಸೂತ್ರದ ಸೊಬಗಿಗಿಂತ ಈ ತಾಳೆಯೇ ಮುಖ್ಯ.