ಬಾಗಿಲು ಮುಚ್ಚಿದಾಗ ಹೊರಗುಳಿದ ಭಾಷೆ



ಕೊರೊನಾ ಕಾಲದ ಆರೈಕೆ ಗೃಹಗಳ ಬಗ್ಗೆ ನಾಲ್ಕು ಮಾತನಾಡಬೇಕೆಂದು ಸಂಘ ಅಪ್ಪಣೆ ಮಾಡಿದೆ. ನಮ್ಮಲ್ಲಿ ನರ್ಸಿಂಗ್ ಹೋಂ ಎಂದೊಡನೆ ಹೆರಿಗೆಯ ಸಣ್ಣ ಆಸ್ಪತ್ರೆ ನೆನಪಾಗುತ್ತದೆ. ನಾನು ಹೇಳಹೊರಟಿರುವುದು, ಮನೆಯಲ್ಲಿ ನೋಡಿಕೊಳ್ಳಲಾಗದ ಅಶಕ್ತರು ವರ್ಷಗಟ್ಟಲೆ ಉಳಿಯುವ ಗೃಹಗಳ ಸಂಗತಿ.

2020ರ ಮಾರ್ಚ್ 25ರಂದು ದೇಶವೇ ಬಾಗಿಲು ಮುಚ್ಚಿತು. ಜೂನ್ 19ರಿಂದ ಚೆನ್ನೈಗೂ ನೆರೆಯ ಜಿಲ್ಲೆಗಳಿಗೂ ಮತ್ತೆ ಬಿಗಿ ನಿರ್ಬಂಧ ಬಂತು. ಆರೈಕೆ ಗೃಹಗಳು ಸಂದರ್ಶಕರನ್ನು ತಡೆದದ್ದು ಅಕಾರಣವಲ್ಲ. ಇಟಲಿ, ಸ್ಪೇನ್‌ಗಳ ವೃದ್ಧಾಶ್ರಮಗಳಿಂದ ಆಗಲೇ ದಾರುಣ ಸುದ್ದಿ ಬಂದಿತ್ತು. ಆದರೆ ಸಂದರ್ಶಕರು ಯಾರು, ಆರೈಕೆದಾರರು ಯಾರು ಎಂದು ಬೇರ್ಪಡಿಸಿ ನೋಡುವ ವ್ಯವಧಾನ ಇರಲಿಲ್ಲ.

ನನ್ನ ಸೋದರತ್ತೆ ಅಂಥದೊಂದು ಗೃಹದಲ್ಲಿದ್ದರು. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. 40 ವರ್ಷ ಮಾಂಬಲದ ಅಂಗಡಿಗಳಲ್ಲಿ ಸಲೀಸಾಗಿ ಆಡಿದ ತಮಿಳೂ ಬಹುಮಟ್ಟಿಗೆ ಅಳಿಸಿಹೋಗಿತ್ತು. ಉಳಿದದ್ದು ಬಾಲ್ಯದ ಕನ್ನಡ, ಅದೂ ತುಂಡುತುಂಡಾಗಿ. ಎರಡು ಭಾಷೆ ಬಲ್ಲವರ ಮೆದುಳಿಗೆ ಪೆಟ್ಟಾದಾಗ ಹೀಗೆ ಒಂದು ಹೆಚ್ಚು, ಇನ್ನೊಂದು ಕಡಿಮೆ ಉಳಿಯುವುದುಂಟು. ವಾರಕ್ಕೆ ಮೂರು ದಿನ ಹೋಗಿ ಉಣ್ಣಿಸಿ ಬರುತ್ತಿದ್ದ ನನ್ನ ಪತ್ನಿಯೇ ಅವರ ದುಭಾಷಿ. ಆಕೆಯನ್ನು ತಡೆದ ಮೇಲೆ 'ಸೆಕೆ', 'ಮಗ್ಗುಲು ತಿರುಗಿಸು' ಎಂಬ ಮಾತುಗಳು ದಾದಿಯರಿಗೆ ಬರಿಯ ನರಳಾಟವಾದವು. ಅವರನ್ನು ದೂರಲಾರೆ, ತಮ್ಮ ಮಕ್ಕಳನ್ನು ಬಿಟ್ಟು ಅವರೂ ಅಲ್ಲೇ ಮಲಗುತ್ತಿದ್ದರು. ವಿಡಿಯೊ ಕರೆ ಮಾಡಿದರೆ ಅತ್ತೆ ಪರದೆಯತ್ತ ನೋಡದೆ ಬಾಗಿಲಿನತ್ತ ನೋಡುತ್ತಿದ್ದರು. ಎರಡು ತಿಂಗಳಲ್ಲಿ ಬೆನ್ನಿನಲ್ಲಿ ಹುಣ್ಣಾಯಿತು, ಮಾತನ್ನೂ ಬಿಟ್ಟರು.

ಸರ್ಕಾರಿ ಕಡತಗಳ ನಡುವೆಯೇ ಬಾಳಿದ ನನ್ನನ್ನು ಹೆಚ್ಚು ಬಾಧಿಸುವುದು, ನಿಯಮ ಇದ್ದೇ ಇತ್ತು ಎಂಬುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೆಯ ಕಲಮು ಆಪತ್ತಿನಲ್ಲಿ ಸಮಾನ ರಕ್ಷಣೆ ನೀಡುತ್ತದೆ. 'ಸಂವಹನ' ಎಂಬುದನ್ನು ವಿವರಿಸುವಾಗ ಅದೇ ಕಾಯ್ದೆ ಬ್ರೈಲ್, ಸಂಜ್ಞೆಗಳ ಜೊತೆಗೆ ಭಾಷೆಗಳನ್ನೂ ಸೇರಿಸಿದೆ. ಆರೈಕೆದಾರರಿಗೆ ನಿರ್ಬಂಧದಿಂದ ವಿನಾಯಿತಿ ಕೊಡಬೇಕು, ಇಲ್ಲವೇ ಸರಳವಾಗಿ ಪಾಸು ಕೊಡಬೇಕೆಂದು ಕೇಂದ್ರದ ಇಲಾಖೆ ಮಾರ್ಚ್ ಕೊನೆಯ ವಾರದಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಆ ಹಾಳೆ ಹಿಡಿದು ಹೋದಾಗ ವ್ಯವಸ್ಥಾಪಕರು ವಿನಯದಿಂದಲೇ ಓದಿ, ನನ್ನ ಪತ್ನಿ 'ಸಂದರ್ಶಕರು' ಎಂದರು. ಸಂಬಳ ಪಡೆಯದ ಆರೈಕೆದಾರರು ಯಾವ ನೋಂದಣಿ ಪುಸ್ತಕದಲ್ಲೂ ಇರುವುದಿಲ್ಲವಲ್ಲ!

ಅತ್ತೆ 2021ರಲ್ಲಿ ತೀರಿಕೊಂಡರು. ನಮ್ಮ ಸಂಘದಲ್ಲಿ ವಂತಿಗೆ ಕೊಟ್ಟವರ ಪಟ್ಟಿಯಿದೆ, ನಾಟಕದ ಪಾತ್ರಧಾರಿಗಳ ಪಟ್ಟಿಯಿದೆ. ಈ ನಗರದ ಆರೈಕೆ ಗೃಹಗಳಲ್ಲಿರುವ ಕನ್ನಡಿಗರ ಪಟ್ಟಿಯಿಲ್ಲ. ಅದನ್ನು ಮಾಡೋಣ. ಪ್ರತಿಯೊಬ್ಬರಿಗೂ ಆರೈಕೆದಾರರೆಂದು ಒಬ್ಬರ ಹೆಸರನ್ನು ಈಗಲೇ ಗೃಹದ ದಾಖಲೆಯಲ್ಲಿ ಬರೆಸೋಣ. ನಿತ್ಯ ಬೇಕಾಗುವ 20 ಕನ್ನಡ ಮಾತುಗಳನ್ನು ತಮಿಳು ಲಿಪಿಯಲ್ಲಿ ಅರ್ಥಸಹಿತ ಬರೆದು ಹಾಸಿಗೆಯ ಪಕ್ಕ ಅಂಟಿಸಬಹುದು. ಮೊದಲ ಪ್ರತಿಯನ್ನು ಬರೆದು ತಂದಿದ್ದೇನೆ. ಕಾರ್ಯದರ್ಶಿಗಳ ಬಳಿ ಇದೆ.