ಹೊಸ್ತಿಲಲ್ಲಿ ಒಂದು ಸುತ್ತು

ಇಂದು ತರಬೇತಿ ಮುಗಿಸಿ ಹೊರಗೆ ಹೆಜ್ಜೆಯಿಡುತ್ತಿರುವ ಪೈಲಟ್‌ಗಳೇ,

ಬಾಗಿಲು ಬಡಿದಾಗ ಒಳಗಿನವರು ‘ಯಾರು?’ ಎಂದರೆ ನಾವು ‘ನಾನು’ ಅನ್ನುತ್ತೇವೆ. ದನಿ ಗುರುತು ಸಿಕ್ಕರೆ ಚಿಲಕ ತೆಗೆಯುತ್ತಾರೆ. ವಿಮಾನ ನಿಲ್ದಾಣದ ಟವರ್‌ ಹತ್ತಿರ ಈ ‘ನಾನು’ ನಡೆಯುವುದಿಲ್ಲ. ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಎಲ್ಲಿದ್ದೀರಿ, ಎಷ್ಟು ಎತ್ತರ, ಏನು ಬೇಕು ಎಂಬಷ್ಟನ್ನೂ ಒಂದೇ ಉಸಿರಿಗೆ ಹೇಳಬೇಕು. ಹೇಳಿದ ಮೇಲೆ ಕಾಯಬೇಕು. ಇಂದು ನಾನು ಮಾತಾಡುವುದು ಆ ಕಾಯುವಿಕೆಯ ಬಗ್ಗೆ ಮಾತ್ರ.

ಅಮೆರಿಕದಲ್ಲಿ ಹಾರಾಟ ಕಲಿಯುತ್ತಿದ್ದೆ. ಸೆಸ್ನಾ 172, ಪಕ್ಕದಲ್ಲಿ ಬೋಧಕಿ, ಎದುರಿಗೆ ಕ್ಲಾಸ್ ಡಿ ವಾಯುಪ್ರದೇಶದ ಒಂದು ಪುಟ್ಟ ನಿಲ್ದಾಣ. ಟವರನ್ನು ಕರೆದೆ. ‘ಈಗ ಕರೆದ ವಿಮಾನ, ಸ್ಟ್ಯಾಂಡ್‌ಬೈ’ ಎಂದರು. ಉತ್ತರ ಬಂತಲ್ಲ ಎಂದು ಮುಂದಕ್ಕೇ ನಡೆದೆ. ಬೋಧಕಿ ತಟ್ಟನೆ ಕಂಟ್ರೋಲ್ ಹಿಡಿದು ವಿಮಾನವನ್ನು ಹೊರಳಿಸಿ, ‘ನಿನ್ನ ಹೆಸರು ಕೇಳಿಸಿತಾ?’ ಎಂದರು. ಕೇಳಿಸಿರಲಿಲ್ಲ. ಗಡಿಯ ಹೊರಗೆ ಮೂರು ಸುತ್ತು ಹೊಡೆದ ಮೇಲೆ ನಮ್ಮ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ನಮ್ಮ ವಿಮಾನದ ಹೆಸರು, ಕಿವಿಗೆ ಬಿತ್ತು.

ಅಲ್ಲಿಯ ನಿಯಮ ಹಾಗಿದೆ. ಕ್ಲಾಸ್ ಸಿ, ಕ್ಲಾಸ್ ಡಿಗಳಲ್ಲಿ ನಿಯಂತ್ರಕರು ಕಾಲ್‌ಸೈನ್ ಹೇಳಿ ‘ಸ್ಟ್ಯಾಂಡ್‌ಬೈ’ ಎಂದರೂ ಸಂಪರ್ಕವಾಯಿತೆಂದೇ ಲೆಕ್ಕ, ಒಳಗೆ ಹೋಗಬಹುದು. ಹೆಸರಿಲ್ಲದ ‘ಸ್ಟ್ಯಾಂಡ್‌ಬೈ’ ಬಂದರೆ ಹೊರಗೇ ಉಳಿಯಬೇಕು. ದೊಡ್ಡ ನಿಲ್ದಾಣಗಳ ಕ್ಲಾಸ್ ಬಿಯಲ್ಲಿ ಹೆಸರೂ ಸಾಲದು, ‘ಕ್ಲಿಯರ್ಡ್’ ಎಂಬ ಮಾತೇ ಬೇಕು. ನಮ್ಮಲ್ಲಿ ಕ್ಲಾಸ್ ಡಿಗೇ ಕ್ಲಿಯರೆನ್ಸ್ ಬೇಕು. ಬೆಂಗಳೂರಿನ ಜಕ್ಕೂರಿನಿಂದ ಹಾರುವವರಿಗೆ ಇದು ದಿನದ ಪಾಠ: ಪಕ್ಕದಲ್ಲೇ ಯಲಹಂಕದ ವಾಯುಪಡೆ ನೆಲೆ, ಅದರಾಚೆ ದೇವನಹಳ್ಳಿಯ ದೊಡ್ಡ ನಿಲ್ದಾಣ.

ಇಷ್ಟು ಬಿಗಿ ಯಾಕೆ? 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್ ಊರಿನ ಮೇಲೆ ಆಕಾಶ ನಿಚ್ಚಳವಾಗಿತ್ತು. ಪುಟ್ಟ ಪೈಪರ್ ವಿಮಾನವೊಂದು ಕ್ಲಿಯರೆನ್ಸ್ ಇಲ್ಲದೆ, ಗಡಿ ದಾಟಿದ್ದರ ಅರಿವೂ ಇಲ್ಲದೆ, ನಿಯಂತ್ರಿತ ವಾಯುಪ್ರದೇಶದೊಳಗೆ ಬಂದಿತ್ತು. ರಾಡಾರಿಗೆ ಉತ್ತರಿಸುವ ಅದರ ಟ್ರಾನ್ಸ್‌ಪಾಂಡರ್ ಎತ್ತರ ತಿಳಿಸುತ್ತಿರಲಿಲ್ಲ. ಇಳಿಯಲು ಬರುತ್ತಿದ್ದ ಏರೋಮೆಕ್ಸಿಕೊದ ಡಿಸಿ-9 ಪ್ರಯಾಣಿಕ ವಿಮಾನಕ್ಕೆ ಅದು ಡಿಕ್ಕಿಯಾಯಿತು. ಎರಡೂ ವಿಮಾನಗಳಲ್ಲಿದ್ದ 67 ಜನ, ನೆಲದ ಮೇಲಿದ್ದ 15 ಜನ ಸತ್ತರು. ಅಂಥ ಬೆಳಕಿನಲ್ಲೂ ಒಬ್ಬರ ಕಣ್ಣಿಗೆ ಒಬ್ಬರು ಸಮಯಕ್ಕೆ ಬೀಳಲಿಲ್ಲ.

ಹಾಗಂತ ಒಪ್ಪಿಗೆ ಸಿಕ್ಕಿತೆಂದು ಕಣ್ಣು ಮುಚ್ಚುವಂತಿಲ್ಲ. ಕ್ಲಾಸ್ ಡಿಯಲ್ಲಿ ವಿಎಫ್‌ಆರ್ ವಿಮಾನಕ್ಕೆ, ಅಂದರೆ ಕಣ್ಣಿನ ನೋಟ ನಂಬಿ ಹಾರುವ ವಿಮಾನಕ್ಕೆ, ‘ಅಲ್ಲೊಂದು ವಿಮಾನವಿದೆ’ ಎಂಬ ಮಾಹಿತಿ ಸಿಗುತ್ತದೆಯೇ ಹೊರತು ಅದರಿಂದ ಅಂತರ ಕಾಯ್ದು ಕೊಡುವ ಹೊಣೆ ನಿಯಂತ್ರಕರದ್ದಲ್ಲ. ನೋಡುವುದೂ ತಪ್ಪಿಸಿಕೊಳ್ಳುವುದೂ ನಿಮ್ಮ ಕೆಲಸ. ಬಾಗಿಲು ತೆರೆದವರು ನಿಮ್ಮ ಕೈಹಿಡಿದು ನಡೆಸುವುದಿಲ್ಲ.

ರೇಡಿಯೊ ಸತ್ತರೆ? ಟ್ರಾನ್ಸ್‌ಪಾಂಡರ್‌ನಲ್ಲಿ 7600 ಕೋಡ್ ಹಾಕಿ, ಟವರಿನ ದೀಪ ನೋಡಿ. ಮಿನುಗದೆ ನಿಂತ ಹಸಿರು ಕಂಡರೆ ಇಳಿಯಬಹುದು. ನಿಂತ ಕೆಂಪಾದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಬೇಕು. ಅಲ್ಲಿಯೂ ಮತ್ತದೇ ಕಾಯುವಿಕೆ.

ನಾಳೆಯಿಂದ ನಿಮಗೆ ಎಷ್ಟೋ ಬಾಗಿಲು ಎದುರಾಗುತ್ತವೆ: ಕೆಲಸದ್ದು, ಟೈಪ್ ರೇಟಿಂಗ್‌ನದ್ದು, ಕ್ಯಾಪ್ಟನ್ ಕುರ್ಚಿಯದ್ದು. ‘ಸ್ಟ್ಯಾಂಡ್‌ಬೈ’ ಎಂಬ ಉತ್ತರ ಬಹಳ ಸಲ ಬರುತ್ತದೆ. ತಾಳ್ಮೆಯಿಂದಿರಿ ಎಂದು ಹೇಳಿ ಹೋಗುವುದು ಸುಲಭ. ಆದರೆ ಆ ದಿನ ನಾವು ಮೂರು ಸುತ್ತು ಹೊಡೆದದ್ದು ತಾಳ್ಮೆಯಿಂದಲ್ಲ. ಹೊರಡುವ ಮುನ್ನ ಬೋಧಕಿ ರೆಕ್ಕೆಯವರೆಗೆ ಹತ್ತಿ, ಟ್ಯಾಂಕಿಗೆ ಕಡ್ಡಿ ಇಳಿಸಿ, ಪೆಟ್ರೋಲು ಅಳೆದಿದ್ದರು. ಕಾಯಲು ಪೆಟ್ರೋಲು ಉಳಿದಿಲ್ಲದವನೇ ಕರೆಯದ ಬಾಗಿಲಿಗೆ ನುಗ್ಗುತ್ತಾನೆ. ಎಲ್ಲಿಗೇ ಹೊರಡಿ, ಹೊಸ್ತಿಲಲ್ಲಿ ಒಂದು ಸುತ್ತು ಹೊಡೆಯುವಷ್ಟು ಹೆಚ್ಚಿಗೆ ತುಂಬಿಸಿಕೊಂಡೇ ಹೊರಡಿ.